ಜೋಳಕ್ಕೊಂದು ನೀರು



ಆಳಂದ, ಅಫಜಲಪುರ, ಜೇವರ್ಗಿ. ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಹಿಂಗಾರಿ ಜೋಳದ ಮಾತು ಇವತ್ತಿನದು. ಹವಾಮಾನ ಬದಲಾಗುತ್ತಿದೆ, ಬಿಸಿಲು ಏರುತ್ತಿದೆ ಎಂದು ದಿನಾ ಕೇಳುತ್ತೇವೆ. ಹಾಗಾದರೆ ನಮ್ಮ ಜೋಳಕ್ಕೆ ಇನ್ನು ಮುಂದೆ ಎಷ್ಟು ನೀರು ಬೇಕು? ನೀರು ಹಾಯಿಸದೆಯೇ ಬೆಳೆದುಕೊಂಡು ಬಂದ ಬೆಳೆ ಇದು. ಇದಕ್ಕೂ ನೀರಾವರಿ ಮಾಡುವ ಕಾಲ ಬಂತೇ? ಬಂದಿದ್ದರೆ ಎಷ್ಟು, ಯಾವಾಗ, ಎಲ್ಲಿಂದ? ಈ ಹದಿನೈದು ನಿಮಿಷ ಇದೊಂದೇ ವಿಷಯ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಜೋಳಕ್ಕೆ ಒಂದು ನೀರು ಸಾಕು. ಆದರೆ ಅದು ಹೊತ್ತಿಗೆ ಸಿಗಬೇಕು. ಹವಾಮಾನ ಕೆಡಿಸುತ್ತಿರುವುದು ಆ ಹೊತ್ತಿನ ಲೆಕ್ಕವನ್ನೇ.

ಮೊದಲು ಮಣ್ಣಿನ ಮಾತು. ಮೂರೂ ತಾಲ್ಲೂಕುಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಕೃಷಿ ಹವಾಮಾನದ ಲೆಕ್ಕದಲ್ಲಿ ಇವು ಎರಡು ವಲಯಕ್ಕೆ ಸೇರಿವೆ. ಆಳಂದ ಬೀದರ್ ಕಡೆಯ ಈಶಾನ್ಯ ಪರಿವರ್ತನ ವಲಯದ್ದು. ಅಫಜಲಪುರ, ಜೇವರ್ಗಿ ಈಶಾನ್ಯ ಒಣ ವಲಯದವು. ಆಳಂದದ ದಿನ್ನೆಗಳಲ್ಲಿ ಮಣ್ಣು ತೆಳು. ಮೊಳ ಅಗೆಯುವುದರೊಳಗೆ ಎಷ್ಟೋ ಕಡೆ ಮೊರಮ್ ಸಿಗುತ್ತದೆ. ಭೀಮೆಯ ದಂಡೆಗೆ ಇಳಿದರೆ ಆಳವಾದ ಎರೆ. ಅಲ್ಲಿ ಆಳೆತ್ತರ ಅಗೆದರೂ ಕಪ್ಪು ಮಣ್ಣೇ.

ಈ ಆಳದಲ್ಲಿ ಜೋಳದ ಗುಟ್ಟಿದೆ. ನಮ್ಮ ಹಿರಿಯರು ಕಾಳನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಎರೆ ಭೂಮಿಯೂ ಹಾಗೆಯೇ, ಮಳೆ ನೀರಿನ ಹಗೇವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಜೋಳ ಅದನ್ನು ತೆಗೆದು ಉಣ್ಣುತ್ತದೆ.

ಈಗ ಒಂದಿಷ್ಟು ಅಂಕಿ. ಕೈಯಲ್ಲಿ ಪೆನ್ಸಿಲ್ ಇದ್ದವರು ಬರೆದುಕೊಳ್ಳಿ. ಒಳ್ಳೆಯ ಎರೆ ಭೂಮಿ ಒಂದು ಮೀಟರ್ ಆಳದಲ್ಲಿ ಬೆಳೆಗೆ ಸಿಗುವಂಥ ನೀರು ಸುಮಾರು 200 ಮಿಲಿಮೀಟರ್ ಹಿಡಿದಿಡುತ್ತದೆ. ಒಂದು ಮಿಲಿಮೀಟರ್ ಎಂದರೆ ಎಕರೆಗೆ 4 ಸಾವಿರ ಲೀಟರ್. ಅಲ್ಲಿಗೆ ಎಕರೆಗೆ 8 ಲಕ್ಷ ಲೀಟರ್ ನೀರು ನಿಮ್ಮ ಕಾಲ ಕೆಳಗೇ ಇದೆ. ಕೆರೆ ಕಟ್ಟದೆ, ಪಂಪು ಇಡದೆ ಸಿಕ್ಕ ನೀರು. ಮೊಳದಾಳದ ಮಣ್ಣಿನಲ್ಲಿ ಇದರ ಮೂರನೇ ಒಂದು ಭಾಗ ನಿಂತರೆ ಹೆಚ್ಚು. ಒಂದೇ ಮಳೆ ಬಿದ್ದರೂ ಆಳಂದದ ದಿನ್ನೆಯ ಜೋಳ ಮೊದಲು ಬಾಡುವುದಕ್ಕೂ, ಭೀಮಾ ದಂಡೆಯ ಜೋಳ ಇನ್ನೂ ಹಸಿರಾಗಿರುವುದಕ್ಕೂ ಇದೇ ಕಾರಣ.

ಹಿಂಗಾರಿ ಜೋಳಕ್ಕೆ ಬಿತ್ತಿದಾಗಿನಿಂದ ಕೊಯ್ಲಿನವರೆಗೆ ಬೇಕಾದದ್ದು ಸುಮಾರು 400 ಮಿಲಿಮೀಟರ್. ಮೊದಲ ತಿಂಗಳು ಸಸಿ ಚಿಕ್ಕದು, ದಿನಕ್ಕೆ ಒಂದೆರಡು ಮಿಲಿಮೀಟರ್ ಸಾಕು. ತೆನೆ ಬರುವ ಕಾಲಕ್ಕೆ ದಿನಕ್ಕೆ ನಾಲ್ಕೈದು. ಅಕ್ಟೋಬರ್ ಒಂದರ ಸುಮಾರಿಗೆ ಬಿತ್ತಿದರೆ ಮಣ್ಣಿನೊಳಗಿನ 200 ಮಿಲಿಮೀಟರ್ ಡಿಸೆಂಬರ್ ಮೊದಲ ಎರಡು ವಾರಗಳವರೆಗೆ ಬರುತ್ತದೆ. ಮುಂದಕ್ಕೆ ಬೇಕಾದದ್ದನ್ನು ತುಂಬುತ್ತಿದ್ದವು ಚಿತ್ತಿ, ಸ್ವಾತಿ ಮಳೆಗಳು, ಮೀಟರಿನ ಕೆಳಕ್ಕೂ ಇಳಿದ ಬೇರು, ಚಳಿಗಾಲದ ಇಬ್ಬನಿ. ಬೆಳೆ ಅರೆಹೊಟ್ಟೆಯಲ್ಲೇ ತೆನೆ ಕಟ್ಟುತ್ತಿತ್ತು. ಹೀಗೆ ಕಟ್ಟುವುದನ್ನು ಬಲ್ಲ ತಳಿಯನ್ನೇ ನಮ್ಮವರು ಹಿಡಿದುಕೊಂಡರು. ಮಾಲದಂಡಿ ಎಂದು ನಾವು ಕರೆಯುವ ಎಂ 35-1 ಬಂದದ್ದು ನೆರೆಯ ಸೊಲ್ಲಾಪುರ ಜಿಲ್ಲೆಯ ಮೊಹೋಳದಿಂದ. ರೈತರ ಹೊಲದ ಜೋಳದಿಂದಲೇ 1930ರ ದಶಕದಲ್ಲಿ ಅದನ್ನು ಆರಿಸಿ ತೆಗೆದರು. ಎಷ್ಟು ತಳಿ ಬಂದು ಹೋದರೂ ರೊಟ್ಟಿಗೆ, ಕಣಿಕೆಗೆ ಇವತ್ತಿಗೂ ಅದನ್ನೇ ಕೇಳುವವರು ಬಹಳ.

ಅದೇ ದಶಕದಲ್ಲಿ ಇನ್ನೊಂದು ಕೆಲಸ ಆಯಿತು. ಒಣಬೇಸಾಯವನ್ನು ಅಳೆದು ನೋಡಲು ದೇಶದಲ್ಲಿ ಐದು ಸಂಶೋಧನಾ ಕೇಂದ್ರಗಳನ್ನು ತೆರೆದರು. ಐದರಲ್ಲಿ ನಾಲ್ಕು ನಮ್ಮ ಸುತ್ತಲೇ ಇದ್ದವು. ಸೊಲ್ಲಾಪುರ, ವಿಜಯಪುರ, ರಾಯಚೂರು, ಬಳ್ಳಾರಿ ಕಡೆಯ ಹಗರಿ. ಐದನೆಯದು ದೂರದ ರೋಹ್ತಕ್. ಬದು ಹಾಕಿ, ಬೀಜ ಕಡಿಮೆ ಹಾಕಿ, ಸಾಲು ಅಗಲ ಬಿಡಿ, ಮೇಲಿಂದ ಮೇಲೆ ಎಡೆ ಹೊಡೆಯಿರಿ ಎಂದು ಅಲ್ಲಿಂದ ಬಂದ ಮಾತು ಇವತ್ತಿಗೂ ಹಳೆಯದಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಜೋಳ ಕುಡಿಯುವುದು ಮಣ್ಣಿನೊಳಗೆ ಕೂಡಿಟ್ಟ ನೀರನ್ನು. ಅದು ತೆನೆ ಬರುವ ಹೊತ್ತಿಗೆ ತಳ ಕಾಣುತ್ತದೆ. ಈಗ ಬಿಸಿಲಿನ ಮಾತಿಗೆ ಬರೋಣ.

ಭಾರತದ ಸರಾಸರಿ ಉಷ್ಣತೆ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ. ಮೇ ತಿಂಗಳಲ್ಲಿ 43, 44 ಡಿಗ್ರಿ ಕಾಣುವ ಕಲಬುರಗಿಯವರಿಗೆ ಇದು ನಗು ತರಿಸಬಹುದು. ಮುಕ್ಕಾಲು ಡಿಗ್ರಿ ಯಾವ ಲೆಕ್ಕ? ಲೆಕ್ಕ ಹೀಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ತೇವ ಶೇಕಡಾ 7ರಷ್ಟು ಹೆಚ್ಚುತ್ತದೆ. ಬೆಳೆಯಿಂದ ಆವಿಯಾಗುವ ನೀರು ಅಷ್ಟು ಹೆಚ್ಚುವುದಿಲ್ಲ. ಅದಕ್ಕೆ ಬಿಸಿಲು, ಗಾಳಿಯ ವೇಗ ಎಲ್ಲವೂ ಸೇರಬೇಕು. ಹೆಚ್ಚುವುದು ಶೇಕಡಾ ಎರಡೋ ಮೂರೋ. ನಮ್ಮ 400 ಮಿಲಿಮೀಟರ್‌ಗೆ ಹತ್ತು, ಹನ್ನೆರಡು ಮಿಲಿಮೀಟರ್ ಸೇರಿತು ಎಂದಿಟ್ಟುಕೊಳ್ಳಿ. ಎಕರೆಗೆ 40ರಿಂದ 50 ಸಾವಿರ ಲೀಟರ್.

ಕೇಳಲು ದೊಡ್ಡ ಅಂಕಿ. ಹೊಲದಲ್ಲಿ ಅದು ಒಂದು ಸಣ್ಣ ಮಳೆ. ಅದಕ್ಕೇ ಹೇಳುವುದು, ಬಿಸಿಲು ಏರಿತು, ಜೋಳಕ್ಕೆ ಎರಡು ಪಟ್ಟು ನೀರು ಬೇಕು ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ಇನ್ನೊಂದು ಮಗ್ಗುಲೂ ಇದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕೈಗಾರಿಕೆಗಳ ಕಾಲಕ್ಕೆ ಮುಂಚೆ ಹತ್ತು ಲಕ್ಷಕ್ಕೆ 280 ಭಾಗ ಇತ್ತು. ಈಗ 420 ದಾಟಿದೆ. ಅದು ಹೆಚ್ಚಿದಾಗ ಎಲೆಯ ಸಣ್ಣ ರಂಧ್ರಗಳು ಸ್ವಲ್ಪ ಮುಚ್ಚಿಕೊಳ್ಳುತ್ತವೆ. ಎಲೆ ಕಳೆಯುವ ನೀರು ಸ್ವಲ್ಪ ಉಳಿಯುತ್ತದೆ. ಜೋಳದಲ್ಲೂ ಇದು ನಡೆಯುತ್ತದೆ. ಒಂದು ಕೈ ಕಸಿದರೆ ಇನ್ನೊಂದು ಕೈ ಒಂದಿಷ್ಟು ಕೊಟ್ಟಿತು.

ಹಾಗಾದರೆ ಬಿಸಿಲಿನಿಂದ ಹಾನಿ ಇಲ್ಲವೇ? ಇದೆ. ಅದು ನೀರಿನ ಮೊತ್ತದಲ್ಲಿ ಕಾಣುವುದಿಲ್ಲ, ಕಾಳಿನ ತೂಕದಲ್ಲಿ ಕಾಣುತ್ತದೆ. ಬೆಚ್ಚಗಾದಷ್ಟೂ ಬೆಳೆ ಬೇಗ ಮಾಗುತ್ತದೆ. ಕಾಳು ಹಾಲು ತುಂಬುವ ದಿನಗಳು ಕಡಿಮೆಯಾಗುತ್ತವೆ. ನಾಲ್ಕು ದಿನ ಮೊದಲೇ ಒಣಗಿದ ಬೆಳೆ ನಾಲ್ಕು ದಿನದ ನೀರನ್ನು ಉಳಿಸಿತು, ಅಷ್ಟು ಕಾಳನ್ನೂ ತಿಂದಿತು. ಕಾಗದದ ಮೇಲೆ ನೀರಿನ ಬೇಡಿಕೆ ಇಳಿದಂತೆ ಕಾಣುತ್ತದೆ. ರಾಶಿಯ ದಿನ ಚೀಲ ಎಣಿಸಿದಾಗ ಗೊತ್ತಾಗುತ್ತದೆ.    

ಮತ್ತೊಮ್ಮೆ ಹೇಳುತ್ತೇನೆ. ಬಿಸಿಲು ಜೋಳದಿಂದ ಕೇಳುವ ಹೆಚ್ಚಿನ ನೀರು ಹತ್ತು, ಹನ್ನೆರಡು ಮಿಲಿಮೀಟರ್. ಈ ಅಂಕಿ ನೆನಪಿಡಿ. ಈಗ ಮಳೆಯ ಕಡೆ ನೋಡೋಣ. ಪೆಟ್ಟು ಬೀಳುತ್ತಿರುವುದು ಅಲ್ಲಿ.

ನಮ್ಮ ಜಿಲ್ಲೆಯ ವರ್ಷದ ಮಳೆ ಸುಮಾರು 750 ಮಿಲಿಮೀಟರ್. ಅದು ಬೀಳುವುದು ಐವತ್ತು ದಿನಗಳ ಸುಮಾರಿಗೆ. ಎರೆ ಮಣ್ಣಿನ ಗುಣ ನಿಮಗೆ ಗೊತ್ತು. ಒಣಗಿದಾಗ ಬಿರುಕು ಬಿಟ್ಟು ನೀರನ್ನು ಗಟಗಟ ಕುಡಿಯುತ್ತದೆ. ಒಮ್ಮೆ ನೆನೆದು ಉಬ್ಬಿತೋ, ಬಿರುಕು ಮುಚ್ಚುತ್ತದೆ. ಆಮೇಲೆ ಗಂಟೆಗೆ ಕೆಲವೇ ಮಿಲಿಮೀಟರ್ ಒಳಗಿಳಿದರೆ ಪುಣ್ಯ. ನೂರು ಮಿಲಿಮೀಟರ್ ಮಳೆ ಹದಿನೈದು ದಿನಗಳಲ್ಲಿ ಐದಾರು ಸಲ ಬಂದರೆ ಬಹುಪಾಲು ಭೂಮಿಗೆ. ಅದೇ ನೂರು ಒಂದೇ ರಾತ್ರಿ ಹೊಡೆದರೆ ಬಹುಪಾಲು ಹಳ್ಳಕ್ಕೆ, ಹಳ್ಳದಿಂದ ಭೀಮೆಗೆ. ಮಳೆಮಾಪಕದಲ್ಲಿ ಎರಡೂ ನೂರೇ. ವರ್ಷದ ಕೊನೆಗೆ ವಾಡಿಕೆ ಮಳೆ ಆಗಿದೆ ಎಂದು ವರದಿ ಬರುತ್ತದೆ. ಮಳಿ ಬಂದದ ಖರೆ, ಜೋಳದ ಮಳಿ ಅಲ್ಲ ಎನ್ನುತ್ತಾರಲ್ಲ ನಮ್ಮ ಕಡೆ, ಆ ಮಾತು ವರದಿಗಿಂತ ಸರಿಯಾಗಿದೆ.

ಇಂಥ ರಾತ್ರಿಗಳು ಹೆಚ್ಚುತ್ತಿವೆ. ನಮ್ಮ ಉತ್ತರಕ್ಕಿರುವ ಮಧ್ಯಭಾರತದ ಪಟ್ಟಿಯಲ್ಲಿ ಅತಿ ಜೋರಿನ, ವ್ಯಾಪಕ ಮಳೆಯ ಘಟನೆಗಳು 1950ರಿಂದ 2015ರ ಹೊತ್ತಿಗೆ ಮೂರು ಪಟ್ಟಾದವು ಎಂದು ಪುಣೆಯ ಹವಾಮಾನ ವಿಜ್ಞಾನಿಗಳು 2017ರಲ್ಲಿ ತೋರಿಸಿದರು. ಮುಂಗಾರು ಹಿಂದೆ ಸರಿಯುವ ದಿನವೂ ಬದಲಾಗಿದೆ. ಹವಾಮಾನ ಇಲಾಖೆ 2020ರಲ್ಲಿ ತನ್ನ ಪಂಚಾಂಗವನ್ನೇ ತಿದ್ದಿತು. ರಾಜಸ್ಥಾನದಿಂದ ಮುಂಗಾರು ಹೊರಡುವ ದಿನ ಮೊದಲು ಸೆಪ್ಟೆಂಬರ್ 1 ಎಂದಿತ್ತು. ಈಗ ಸೆಪ್ಟೆಂಬರ್ 17. ರಾಜಸ್ಥಾನದ ಸುದ್ದಿ ಆಳಂದಕ್ಕೇಕೆ ಎನ್ನಬೇಡಿ. ಅಲ್ಲಿಂದ ಹೊರಟದ್ದೇ ನಮ್ಮನ್ನು ದಾಟಿ ಹೋಗಬೇಕು.

ಇದು ಬಿತ್ತನೆಗೆ ಹೇಗೆ ತಟ್ಟುತ್ತದೆ ನೋಡಿ. ಹಿಂಗಾರಿ ಜೋಳ ಬಿತ್ತುವುದು ಉತ್ತರಿ, ಹಸ್ತದ ಮಳೆಗೆ. ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಮಳೆ ಬಿಡುವು ಕೊಡಬೇಕು, ನೆಲ ಬೆದೆಗೆ ಬರಬೇಕು. ಗೇಣು ಆಳದ ಮಣ್ಣು ಹಿಡಿ ತೆಗೆದು ಹಿಸುಕಿದರೆ ಉಂಡೆ ಆಗಬೇಕು, ಎದೆಮಟ್ಟದಿಂದ ಬಿಟ್ಟರೆ ಒಡೆಯಬೇಕು. ಕೈಗೆ ಅಂಟಿದರೆ ಇನ್ನೂ ಹಸಿ. ಹಿಸುಕಿದ ಕೂಡಲೇ ಪುಡಿಯಾದರೆ ಹೊತ್ತು ಮೀರಿತು. ಎಡೆಬಿಡದೆ ಸುರಿದರೆ ಕೂರಿಗೆ ಹೊಲಕ್ಕೆ ಇಳಿಯುವುದೇ ಇಲ್ಲ. ಸುರಿದು ಥಟ್ಟನೆ ನಿಂತರೆ ಮೇಲ್ಮಣ್ಣು ನಾಲ್ಕೇ ದಿನದಲ್ಲಿ ಆರುತ್ತದೆ.

2020ರ ಅಕ್ಟೋಬರ್ ನೆನಪಿದೆಯಲ್ಲ? ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಆಂಧ್ರ, ತೆಲಂಗಾಣ ದಾಟಿ ನಮ್ಮ ಮೇಲಿಂದ ಮಹಾರಾಷ್ಟ್ರಕ್ಕೆ ಹೋಯಿತು. ಉಜನಿ ಅಣೆಕಟ್ಟಿನ ಕಡೆಯಿಂದ ಭೀಮೆಗೆ ನೀರು ಬಂತು. ಅಫಜಲಪುರ, ಜೇವರ್ಗಿಯ ನದಿದಂಡೆಯ ಊರುಗಳು ನೀರಿನಲ್ಲಿ ನಿಂತವು. ಅದು ಚಿತ್ತಿ ಮಳೆಯ ಕಾಲ. ಬಿತ್ತಿದ್ದು ಕೊಚ್ಚಿತು, ಬಿತ್ತದಿದ್ದವರಿಗೆ ಬೆದೆ ಸಿಗಲಿಲ್ಲ. ಮೂರು ವರ್ಷ ಬಿಟ್ಟು 2023ರಲ್ಲಿ ತಿರುವು ಮುರುವು. ಆಗಸ್ಟ್ ಪೂರ್ತಿ ಆಕಾಶ ಒಣಗಿ ನಿಂತಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 200ಕ್ಕೂ ಹೆಚ್ಚನ್ನು ಬರಪೀಡಿತ ಎಂದು ಸಾರಬೇಕಾಯಿತು. 2025ರ ಸೆಪ್ಟೆಂಬರ್ ಕೊನೆಗೆ ಭೀಮೆ ಮತ್ತೆ ಉಕ್ಕಿದಳು.

ಈಗ ನೆನಪಿಡಿ ಎಂದೆನಲ್ಲ, ಆ ಅಂಕಿಯನ್ನು ತೆಗೆಯಿರಿ. ಬಿಸಿಲು ಕೇಳಿದ್ದು ಹತ್ತು, ಹನ್ನೆರಡು ಮಿಲಿಮೀಟರ್. ಸ್ವಾತಿ ಮಳೆ ಒಂದು ತಪ್ಪಿದರೆ ಹೋಗುವುದು 40, 50. ಬಿತ್ತನೆ ಹದಿನೈದು ದಿನ ತಡವಾದರೆ ಬೆಳೆಯ ಕೊನೆಯ ಹದಿನೈದು ದಿನ ಫೆಬ್ರವರಿ, ಮಾರ್ಚ್‌ನ ಬಿಸಿಲಿಗೆ ಬೀಳುತ್ತದೆ. ಆಗ ದಿನಕ್ಕೆ ಐದಾರು ಮಿಲಿಮೀಟರ್ ಎಳೆಯುವ ಗಾಳಿ. ಅದೂ ಒಂದು ಐವತ್ತರ ಕೊರತೆಯೇ. ಹೀಗೆ ಯಾವ ಕಡೆಯಿಂದ ಲೆಕ್ಕ ಹಾಕಿದರೂ ಬಂದು ನಿಲ್ಲುವುದು 50 ಮಿಲಿಮೀಟರ್ ಹತ್ತಿರ. ನಮ್ಮ ಭಾಷೆಯಲ್ಲಿ ಒಂದು ನೀರು.

ಹಾಗಾದರೆ ಆ ಒಂದು ನೀರು ಯಾವಾಗ? ಬಿತ್ತಿದ 50ರಿಂದ 55 ದಿನಕ್ಕೆ. ತೆನೆ ಇನ್ನೂ ಸುಳಿಯೊಳಗೇ ಇರುತ್ತದೆ. ಕಾಂಡದ ತುದಿ ಹಿಡಿದು ನೋಡಿದರೆ ಉಬ್ಬು ಕೈಗೆ ಸಿಗುತ್ತದೆ. ಹೊಡೆ ಎನ್ನುತ್ತೇವಲ್ಲ, ಅದು. ತೆನೆಯಲ್ಲಿ ಎಷ್ಟು ಕಾಳು ಎಂಬುದು ಆ ದಿನಗಳಲ್ಲಿ ತೀರ್ಮಾನವಾಗುತ್ತದೆ. ಎರಡನೆಯ ನೀರು ಇದ್ದರೆ 70, 75 ದಿನಕ್ಕೆ, ಹೂವಿನ ಹೊತ್ತಿಗೆ. ಒಂದೇ ಇದ್ದರೆ ಹೊಡೆಗೆ ಕೊಡಿ.

ಇಲ್ಲೊಂದು ತೊಡಕು ಇದೆ. ನಮ್ಮಲ್ಲಿ ಎಷ್ಟೋ ಜನ ಜೋಳವನ್ನು ಕಣ್ಣಿಟ್ಟು ನೋಡುವುದು ಎಳ್ಳಮಾವಾಸ್ಯೆಗೆ. ಸಜ್ಜಿ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಚರಗ ಚೆಲ್ಲುವಾಗ ಕಾಲ ಕೆಳಗೆ ಬಿರುಕು ಕಾಣುತ್ತದೆ. ಅಯ್ಯೋ ನೀರು ಬೇಕಾಗಿತ್ತು ಎನಿಸುತ್ತದೆ. ಹಬ್ಬ ಬರುವುದು ಡಿಸೆಂಬರ್ ನಡುವಿನಿಂದ ಜನವರಿ ನಡುವೆ. ಅಕ್ಟೋಬರ್ ಮೊದಲ ವಾರ ಬಿತ್ತಿದ ಜೋಳದ ಹೊಡೆಯ ಹೊತ್ತು ನವೆಂಬರ್ ಕೊನೆಗೇ ಮುಗಿದಿರುತ್ತದೆ. ಬಿರುಕು ಬಿದ್ದ ಮೇಲೆ ಹಾಯಿಸುವುದೂ ದಂಡ. ಹರಿಸಿದ ನೀರು ಬಿರುಕಿನಲ್ಲಿ ಆಳಕ್ಕೆ ಹೋಗುತ್ತದೆ. ಸಾಲು ತುದಿ ಮುಟ್ಟುವುದೇ ಇಲ್ಲ. ಬೇರುಗಳೂ ಆಗಲೇ ಹರಿದಿರುತ್ತವೆ. ಆದ್ದರಿಂದ ಬಿತ್ತಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ ಐವತ್ತು ಎಣಿಸಿ ಇನ್ನೊಂದು ಗುರುತು.

ಯಾವಾಗ ಎಂಬುದು ಆಯಿತು. ಎಲ್ಲಿಂದ ಎಂಬುದು ಉಳಿಯಿತು. ಅದಕ್ಕೆ ಮೂರು ತಾಲ್ಲೂಕಿಗೆ ಮೂರು ಉತ್ತರ.

ಆಳಂದಕ್ಕೆ ಕೊರಳ್ಳಿಯ ಅಮರ್ಜಾ ಜಲಾಶಯ ಇದೆ. ಅದು ಮುಟ್ಟುವ ಹೊಲ ಸ್ವಲ್ಪ. ಉಳಿದವರಿಗೆ ಮಳೆಯೇ ಗತಿ, ಅಥವಾ ಬೋರು. ಇಂಥಲ್ಲಿ ಕೃಷಿ ಹೊಂಡ ಕೆಲಸಕ್ಕೆ ಬರುತ್ತದೆ. ರಾಜ್ಯದಲ್ಲಿ 2014ರಿಂದ ಕೃಷಿ ಭಾಗ್ಯದಲ್ಲಿ ಬಂದ ಹೊಂಡಗಳನ್ನು ನೋಡಿದ್ದೀರಿ. ಲೆಕ್ಕ ಹಾಕೋಣ. 40 ಅಡಿ ಉದ್ದ, 40 ಅಡಿ ಅಗಲ, 10 ಅಡಿ ಆಳ. ಬದಿಗಳು ಇಳಿಜಾರು. ಇದರಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ಸೆಪ್ಟೆಂಬರ್ ಕೊನೆಗೆ ತುಂಬಿದ ಹೊಂಡದಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ಆವಿಯಾಗಿ ಎರಡು ಲಕ್ಷ ಉಳಿಯಿತು ಎಂದುಕೊಳ್ಳಿ. 50 ಮಿಲಿಮೀಟರ್ ಎಂದರೆ ಎಕರೆಗೆ 2 ಲಕ್ಷ ಲೀಟರ್. ಒಂದು ಹೊಂಡ, ಒಂದು ಎಕರೆ, ಒಂದು ನೀರು. ತುಂತುರು ನೀರಾವರಿಯಲ್ಲಿ 30 ಮಿಲಿಮೀಟರ್ ಕೊಟ್ಟರೆ ಒಂದೂವರೆ ಎಕರೆ. ಮೊರಮ್ ಹತ್ತಿದಲ್ಲಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಸು ಹಾಕದಿದ್ದರೆ ನೀರು ನಿಲ್ಲದು, ಅದು ನೆನಪಿರಲಿ.

ಹೊಂಡ ಇಲ್ಲದವರು ಆ ನೀರನ್ನು ಮಣ್ಣಿಗೇ ತುಂಬಬಹುದು. ಜುಲೈ, ಆಗಸ್ಟ್‌ನಲ್ಲಿ ಖಾಲಿ ಬಿಟ್ಟ ಹೊಲಕ್ಕೆ ಹತ್ತು ಹನ್ನೆರಡು ಅಡಿಯ ಚೌಕು ಮಡಿ ಮಾಡಿ. ಜೋರು ಮಳೆ ಹಳ್ಳಕ್ಕೆ ಓಡದೆ ಮಡಿಯಲ್ಲಿ ನಿಂತು ಇಳಿಯುತ್ತದೆ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದವರು ಇದನ್ನು ಹೇಳಿಕೊಡುತ್ತಾರೆ. ಆದರೆ ಹೊಲ ಖಾಲಿ ಎಲ್ಲಿದೆ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮುಂಗಾರಿನಲ್ಲೇ ತೊಗರಿ ಬಿತ್ತಿದರೆ ಅದು ಡಿಸೆಂಬರ್‌ವರೆಗೆ ಜಾಗ ಬಿಡದು. ಜೋಳದ ಹೊಲ ಕಡಿಮೆಯಾಗಲು ಹವಾಮಾನಕ್ಕಿಂತ ತೊಗರಿಯ ಪಾಲು ಹೆಚ್ಚು ಎಂದು ನನಗನಿಸುತ್ತದೆ. ಹೆಸರು ಹಾಕಿ ಎರಡೂ ಕಾಲು ತಿಂಗಳಿಗೆ ಕಿತ್ತು ಜೋಳ ಬಿತ್ತುವ ಹಳೆಯ ಪದ್ಧತಿಗೆ ಇನ್ನೂ ಜಾಗವಿದೆ.

ಜೇವರ್ಗಿಯದು ಬೇರೆ ಕಥೆ. ಅಲ್ಲಿಗೆ ಕೃಷ್ಣೆಯ ನೀರು ಬರುತ್ತದೆ. ನಾರಾಯಣಪುರದ ಎಡದಂಡೆಯಿಂದ ಜೇವರ್ಗಿ ಶಾಖಾ ಕಾಲುವೆ ಇದೆ. ಕೆನಾಲು ಮೇಲಿನವರಿಗೆ ಭತ್ತದಷ್ಟು ನೀರು, ಕೊನೆಯವರಿಗೆ ಬರಿ ಕೆನಾಲು. ಭತ್ತ ಬೇಡುವ ನೀರು ಜೋಳದ ಮೂರು ಪಟ್ಟು. ಕೊನೆಯ ಹೊಲದವರು ಕೇಳಬೇಕಾದದ್ದು ಭತ್ತದ ನೀರನ್ನಲ್ಲ, ವಾರಬಂದಿಯಲ್ಲಿ ನವೆಂಬರ್ ಕೊನೆಯ ಒಂದೇ ಸರದಿಯನ್ನು.

ಅಫಜಲಪುರಕ್ಕೆ ಭೀಮೆ ಇದ್ದಾಳೆ, ಸೊನ್ನದ ಬ್ಯಾರೇಜ್ ಇದೆ. ಇದ್ದೂ 2024ರ ಬೇಸಿಗೆಯಲ್ಲಿ ಮೇಲಿನಿಂದ ನೀರು ಬಿಡಿಸಿ ಎಂದು ಜನ ಧರಣಿ ಕೂರಬೇಕಾಯಿತು. ನದಿಯ ನೀರು ಯಾವ ಬೆಳೆಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಹಾವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ, ಪಕ್ಕದ ಆಳಂದದ ಭೂಸನೂರಿನಲ್ಲೂ ಇದೆ. ಕಬ್ಬು ಹಣ ತರುತ್ತದೆ, ಬೆಳೆದವರನ್ನು ದೂರುವಂತಿಲ್ಲ. ಆದರೆ ಅಂಕಿ ಅಂಕಿಯೇ. ಒಂದು ಎಕರೆ ಕಬ್ಬಿಗೆ ವರ್ಷಕ್ಕೆ ಹಾಯಿಸುವ ನೀರು ಸುಮಾರು 1,500 ಮಿಲಿಮೀಟರ್. ಜೋಳಕ್ಕೆ ಒಂದು ನೀರಿನಂತೆ ಕೊಟ್ಟರೆ ಅದು ಮೂವತ್ತು ಎಕರೆಗೆ ಆಗುತ್ತದೆ. ಕಬ್ಬಿನವರು ಹನಿ ನೀರಾವರಿಗೆ ಬಂದು ಅದರಲ್ಲಿ ಕಾಲು ಭಾಗ ಉಳಿಸಿದರೂ ಏಳು ಎಕರೆ ಜೋಳದ ಹೊಡೆ ತುಂಬುತ್ತದೆ.

ಕಾಲುವೆಯ ನೀರು ಯಾವಾಗ ಬಿಡಬೇಕು ಎಂಬುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಭತ್ತದ ಪರ ಮಾತಾಡುವವರಿದ್ದಾರೆ, ಕಬ್ಬಿನ ಪರ ಇದ್ದಾರೆ. ಹಿಂಗಾರಿ ಜೋಳ ಮಳೆಯಾಶ್ರಿತ ಬೆಳೆ ಎಂದು ಕಡತದಲ್ಲಿ ಬರೆದಿರುವುದರಿಂದ ಅದಕ್ಕೆ ನೀರು ಕೇಳುವವರೇ ಇಲ್ಲ. ಈ ವರ್ಷ ನಿಮ್ಮ ನೀರು ಬಳಕೆದಾರರ ಸಂಘದಿಂದ ಒಂದು ಅರ್ಜಿ ಬರೆಯಿರಿ. ನವೆಂಬರ್ ಇಪ್ಪತ್ತರಿಂದ ತಿಂಗಳ ಕೊನೆಯವರೆಗೆ ಜೋಳಕ್ಕೆ ಒಂದು ನೀರು ಎಂದು ದಿನಾಂಕ ಹಾಕಿಯೇ ಕೇಳಿ. ಅರ್ಜಿ ಸೆಪ್ಟೆಂಬರ್‌ನಲ್ಲೇ ಕೊಡಿ, ಬಿತ್ತುವ ಮುಂಚೆ.